ಐವತ್ತೆಂಟನೇ ಬಿಲ್ಲೆ

ಅಂಟಾರ್ಕ್ಟಿಕಾಕ್ಕೆ ಹೋಗಿಬರುವುದು ಬಹಳ ಕಷ್ಟವೆಂದು ಹೇಳುವವರು ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಠಾಣೆ ಸ್ಟೇಶನ್ನಿನಲ್ಲಿ ಇಳಿದವರಲ್ಲ. ನಾನು ಮೂವತ್ತನಾಲ್ಕು ವರ್ಷ ಹತ್ತಿದ್ದೇನೆ, ಮೂವತ್ತನಾಲ್ಕು ವರ್ಷ ಇಳಿದಿದ್ದೇನೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂಬುದು ಬಲ್ಲವರಿಗೆ ಗೊತ್ತು. ಆದ್ದರಿಂದ ಹಡಗು, ಹಿಮ, ಚಳಿ ಎಂದು ನೆಂಟರು ಹೆದರಿಸಿದಾಗ ನಾನು ಸ್ವಲ್ಪವೂ ಅಳುಕಲಿಲ್ಲ.

"ವ್ಯವಸ್ಥೆ ಸರಿಯಿದ್ದರೆ ಎಲ್ಲವೂ ಸರಿ" ಎಂದೆ.

ವ್ಯವಸ್ಥೆಯ ಬಗ್ಗೆ ಮಾತಾಡುವ ಅಧಿಕಾರ ನನಗಿತ್ತು. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ನಾನು ಟೈಮ್ ಕೀಪರ್ ಆಗಿದ್ದೆ. ಗೇಟು ದಾಟಿದೊಡನೆ ಬಲಕ್ಕೆ ನನ್ನ ಕೋಣೆ. ಕೋಣೆಯ ಕಿಟಕಿಯ ಎದುರಿಗೆ ಹಾಜರಿ ಕಾರ್ಡು ಪಂಚ್ ಮಾಡುವ ಯಂತ್ರ. ಬಂದವನು ತನ್ನ ಕಾರ್ಡನ್ನು ತಾನೇ ಪಂಚ್ ಮಾಡಬೇಕು. ತನ್ನದರ ಜೊತೆಗೆ ಗೆಳೆಯನ ಕಾರ್ಡನ್ನೂ ಒತ್ತುವುದು ನನ್ನ ರಾಜ್ಯದಲ್ಲಿ ಮಹಾಪರಾಧವಾಗಿತ್ತು.

ಒಂದು ಬೆಳಿಗ್ಗೆ ಲೋಡಿಂಗ್ ವಿಭಾಗದ ಶರಣಪ್ಪ ಎರಡು ಕಾರ್ಡು ಒತ್ತುವುದನ್ನು ಕಣ್ಣಾರೆ ಕಂಡೆ. ಒಂದು ಅವನದು. ಇನ್ನೊಂದು ಅವನಂತೆಯೇ ವಿಜಯಪುರದ ಕಡೆಯಿಂದ ಬಂದಿದ್ದ ಮಲ್ಲೇಶಿಯದು. ಹೊರಗೆ ಬಂದು ಕೇಳಿದೆ.

"ಮಲ್ಲೇಶಿ ಎಲ್ಲಿ?"

"ಹಿಂದ ಬರಾಕತ್ಯಾನ್ರಿ ಸಾಹೇಬ್ರ."

"ನೀನು ನೋಡಿದ್ದೀಯಾ?"

"ನೋಡೂದೇನೈತ್ರಿ, ಹಿಂದ ಅದಾನಲ್ರಿ."

ಕಣ್ಣಿಗೆ ಕಾಣದ ಮನುಷ್ಯನನ್ನು ಹಾಜರೆಂದು ಬರೆಯುವ ಶಾಸ್ತ್ರ ನನಗೆ ತಿಳಿದಿರಲಿಲ್ಲ. ಹತ್ತು ನಿಮಿಷದ ಮೇಲೆ ಮಲ್ಲೇಶಿ ಏದುಸಿರು ಬಿಡುತ್ತ ಬಂದು ನಿಂತ. ಹತ್ತು ನಿಮಿಷವೂ ತಡವೇ. ಇಬ್ಬರಿಗೂ ಮೆಮೊ ಕೊಟ್ಟೆ. ಅಷ್ಟು ಸಾಲದೆಂದು ಶರಣಪ್ಪನನ್ನು ಒಂದು ವಾರ ಯಂತ್ರದ ಪಕ್ಕದಲ್ಲಿ ನಿಲ್ಲಿಸಿ, ಒಳಗೆ ಬರುವ ಪ್ರತಿಯೊಬ್ಬನಿಗೂ "ಒಬ್ಬ ಮನುಷ್ಯ, ಒಂದು ಕಾರ್ಡು" ಎಂದು ಹೇಳಿಸಿದೆ. ಆರನೆಯ ದಿನಕ್ಕೆ ಅವನ ಗಂಟಲು ಕಟ್ಟಿಹೋಯಿತು. ಶಿಸ್ತು ಎಂದರೆ ಇದು ಎಂದು ನಾನು ಹೆಮ್ಮೆಪಟ್ಟೆ.

ಇನ್ನು ಅಂಟಾರ್ಕ್ಟಿಕಾದ ವಿಷಯ. ಅದು ನನ್ನ ಆಸೆಯಲ್ಲ, ನನ್ನ ಹೆಂಡತಿ ಸುಮತಿಯದು. ಅವಳು ಡೊಂಬಿವಲಿಯ ಶಿಶುವಿಹಾರದಲ್ಲಿ ಇಪ್ಪತ್ತೇಳು ವರ್ಷ ಟೀಚರ್. ಗೋಡೆಯ ಚಾರ್ಟಿನಲ್ಲಿ 'ಪಿ' ಅಕ್ಷರದ ಎದುರಿಗೆ ಒಂದು ಪೆಂಗ್ವಿನ್. ಪ್ರತಿ ವರ್ಷ ಅದರ ಮೇಲೆ ಕೋಲಿಟ್ಟು ತೋರಿಸುವುದು, ಮಕ್ಕಳು ಕೂಗುವುದು, ಹೀಗೇ ನಡೆದಿತ್ತು. ಅವಳು ನಿವೃತ್ತಳಾಗುವ ವರ್ಷ ಮುಂದಿನ ಸಾಲಿನ ಒಂದು ಮಗು ಎದ್ದು ನಿಂತು, "ಟೀಚರ್, ತುಮ್ಹೀ ಖರಾ ಪೆಂಗ್ವಿನ್ ಪಾಹಿಲಾಯ್ ಕಾ?" ಎಂದು ಕೇಳಿತಂತೆ. ನಿಜವಾದ ಪೆಂಗ್ವಿನ್ ನೋಡಿದ್ದೀರಾ ಎಂದು. ಇಪ್ಪತ್ತೇಳು ವರ್ಷ ನೋಡದೆಯೇ ಪಾಠ ಮಾಡಿದ್ದು ಅವಳ ಮನಸ್ಸಿಗೆ ಚುಚ್ಚಿತು.

"ಬೈಖಳಾದ ಝೂನಲ್ಲಿ ಉಂಟಲ್ಲ. ಲೋಕಲ್‌ನಲ್ಲಿ ಹೋಗಿ ಬರುವ" ಎಂದೆ.

"ಅದು ನಾವು ಅವನ್ನು ಇಲ್ಲಿಗೆ ಕರೆಸಿಕೊಂಡದ್ದು. ನಾನು ಅವುಗಳ ಮನೆಗೆ ಹೋಗ್ಬೇಕು."

ಅವಳ ನಿವೃತ್ತಿಯ ಹಣ, ಅವಳ ನಿರ್ಧಾರ. ನನಗೆ ಹಾಕಿದ್ದು ಒಂದೇ ಷರತ್ತು.

"ಅಲ್ಲಿ ನೀವು ನನಗೆ ಅರ್ಜೆಂಟ್ ಮಾಡ್ಲಿಕ್ಕಿಲ್ಲ. ಗಡಿಯಾರ ತೋರಿಸ್ಲಿಕ್ಕಿಲ್ಲ. ಒಂದು ಪೆಂಗ್ವಿನ್ನನ್ನಾದ್ರೂ ನಾನು ಕಣ್ಣು ತುಂಬ ನೋಡ್ಬೇಕು, ಆಯ್ತಾ?"

"ಆಯ್ತು" ಎಂದು ಮಾತು ಕೊಟ್ಟೆ. ಕೊಟ್ಟ ಮಾತಿಗೆ ನಾನು ತಪ್ಪಿದವನಲ್ಲ. ಅದಕ್ಕಿಂತ ಮೊದಲು ತಪ್ಪಿದ್ದಿಲ್ಲ ಎಂದರೆ ಹೆಚ್ಚು ಸರಿ.

ಸಿದ್ಧತೆ ಶುರುವಾಯಿತು. ಇಡೀ ಪ್ರವಾಸದ ವೇಳಾಪಟ್ಟಿಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ಟೈಪ್ ಮಾಡಿಸಿ ಲ್ಯಾಮಿನೇಟ್ ಮಾಡಿಸಿದೆ. ಚಳಿಯ ಉಡುಪು ಹಾಕುವುದಕ್ಕೆ ಎಷ್ಟು ನಿಮಿಷ ಬೇಕೆಂದು ತಿಳಿಯಲು ನವೆಂಬರಿನ ಬಿಸಿಲಿನಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಟೆರೇಸಿನ ಮೇಲೆ ಅಭ್ಯಾಸ ನಡೆಸಿದೆ. ಒಳಗಿನ ಬನಿಯನ್, ಅದರ ಮೇಲೆ ಉಣ್ಣೆ, ಅದರ ಮೇಲೆ ಕೋಟು, ಕೈಗವಸು, ಮೊಣಕಾಲಿನವರೆಗೆ ರಬ್ಬರ್ ಬೂಟು. ಹನ್ನೊಂದು ನಿಮಿಷ. ಇಳಿದು ಬರುವಾಗ ಲಿಫ್ಟಿನಲ್ಲಿ ಸಿಕ್ಕಿದ ನೆರೆಯ ಕದಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಕಾ, ಪೆಸ್ಟ್ ಕಂಟ್ರೋಲ್ ಆಮಚ್ಯಾ ಮಜಲ್ಯಾವರ್ ಕಧೀ?" ಎಂದ. ಅವನ ಮಹಡಿಗೆ ಔಷಧಿ ಹೊಡೆಯಲು ಯಾವಾಗ ಬರುತ್ತೇನೆಂದು ಕೇಳುತ್ತಿದ್ದ.

ಮೂರು ವಿಮಾನ ಬದಲಿಸಿ ದಕ್ಷಿಣ ಅಮೆರಿಕದ ತುತ್ತತುದಿಯ ಬಂದರಿಗೆ ಹೋಗಿ ಹಡಗು ಹತ್ತಿದೆವು. ಚಿಕ್ಕ ಹಡಗು, ಹಳೆಯದು, ತೊಂಬತ್ತು ಚಿಲ್ಲರೆ ಪ್ರಯಾಣಿಕರು. ಮುಂದೆ ಎರಡು ದಿನ ಬಿರುಗಾಳಿಯ ಸಮುದ್ರ ಎಂದು ಪ್ರವಾಸ ತಂಡದ ಮುಖ್ಯಸ್ಥೆ ಎಚ್ಚರಿಸಿದಳು. ಮಾರ್ತಾ ಎಂದು ಅವಳ ಹೆಸರು. ಎತ್ತರದ ಹೆಂಗಸು, ಮೆಲುದನಿ, ಆದರೆ ಅವಳು ಮಾತಾಡಿದರೆ ಚಮಚದ ಸದ್ದೂ ನಿಲ್ಲುತ್ತಿತ್ತು. ವಾಂತಿಯ ಮಾತ್ರೆ ಬೇಡವೆಂದೆ. ಮೂವತ್ತನಾಲ್ಕು ವರ್ಷ ಲೋಕಲ್ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ನಿಂತವನಿಗೆ ಅಲೆಯೇ?

ಎರಡು ದಿನ ನಾನು ಹಾಸಿಗೆಯಿಂದ ಏಳಲಿಲ್ಲ. ಸುಮತಿ ಮೂರು ಹೊತ್ತೂ ಊಟ ಮಾಡಿ, ಹಡಗಿನ ಹಿಂದೆ ತೇಲಿ ಬರುತ್ತಿದ್ದ ದೊಡ್ಡ ರೆಕ್ಕೆಯ ಹಕ್ಕಿಗಳನ್ನು ನೋಡಿ ಬಂದು ವರದಿ ಒಪ್ಪಿಸುತ್ತಿದ್ದಳು.

ಮೂರನೆಯ ಬೆಳಿಗ್ಗೆ ಹಡಗು ಥಟ್ಟನೆ ಅಲುಗದೆ ನಿಂತಂತಾಯಿತು. ಎದ್ದು ಕಿಟಕಿಗೆ ಮುಖವಿಟ್ಟೆ. ಏನು ಹೇಳಲಿ! ಹಿಮವೆಂದರೆ ಬಿಳಿ ಎಂದು ತಿಳಿದವನು ನಾನು. ತೇಲುವ ಗಡ್ಡೆಯೊಂದರ ಸೀಳಿನ ಒಳಗೆ ನೀಲಿಯಿತ್ತು. ಆಕಾಶದ್ದಲ್ಲ, ಸಮುದ್ರದ್ದಲ್ಲ, ಹೊಸ ಶಾಯಿಬಾಟಲಿಯನ್ನು ಬೆಳಕಿಗೆ ಹಿಡಿದಾಗ ಕಾಣುವಂಥ ನೀಲಿ. ಅದರ ಹಿಂದೆ ಬೆಟ್ಟಗಳು ಕಪ್ಪಗೆ, ತಮ್ಮ ಮೈಮೇಲಿನ ಹಿಮವನ್ನು ಹೊತ್ತು ನೀರಿನವರೆಗೆ ಇಳಿದಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಸದ್ದಿರಲಿಲ್ಲ. ಐವತ್ತು ವರ್ಷ ಡೊಂಬಿವಲಿಯಲ್ಲಿ ಬಾಳಿದ ಕಿವಿಗೆ ಸದ್ದಿಲ್ಲದ ಜಾಗ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಸುಮತಿ ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದೂ ಹೊಸದೇ.

ಹಡಗಿನ ಶಿಸ್ತು ನನಗೆ ಇನ್ನೂ ಹೆಚ್ಚು ಹಿಡಿಸಿತು. ದಡಕ್ಕೆ ಹೋಗುವ ಮೊದಲು ಬೂಟನ್ನು ಔಷಧಿಯ ನೀರಿನಲ್ಲಿ ಅದ್ದಬೇಕು. ಕೋಟಿನ ಜೇಬನ್ನು ಯಂತ್ರದಿಂದ ಹೀರಿ ಸ್ವಚ್ಛ ಮಾಡಬೇಕು, ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದು. ನನ್ನ ಜೇಬಿನಿಂದ ಹುರಿದ ಅವಲಕ್ಕಿಯೂ ಎರಡು ಶೇಂಗಾ ಬೀಜವೂ ಹೊರಬಂದವು. ಪೆಂಗ್ವಿನ್ನಿನಿಂದ ಐದು ಮೀಟರ್ ದೂರವಿರಬೇಕು. ಅದು ಎದುರಿಗೆ ಬಂದರೆ ನಾವು ನಿಂತು ದಾರಿ ಬಿಡಬೇಕು. ಅದನ್ನು ಬೆದರಿಸಬಾರದು, ಎಬ್ಬಿಸಬಾರದು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಿಲ್ಲೆಯ ಹಲಗೆ. ಹಡಗಿನಿಂದ ಇಳಿಯುವ ಬಾಗಿಲಿನ ಪಕ್ಕದಲ್ಲಿ ಒಂದು ದೊಡ್ಡ ಹಲಗೆ. ಅದರಲ್ಲಿ ಸಾಲಾಗಿ ಮೊಳೆ, ಮೊಳೆಗೊಂದು ಬಿಲ್ಲೆ, ಬಿಲ್ಲೆಗೊಂದು ಸಂಖ್ಯೆ. ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು. ಇಳಿಯುವಾಗ ನಿಮ್ಮ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಬೇಕು, ಮರಳಿ ಬಂದಾಗ ಹಸಿರಿಗೆ. ಹಲಗೆಯೆಲ್ಲ ಹಸಿರಾದರೆ ಎಲ್ಲರೂ ಹಡಗಿನಲ್ಲಿದ್ದಾರೆಂದು ಅರ್ಥ. ನನ್ನದು ಐವತ್ತೇಳು, ಸುಮತಿಯದು ಐವತ್ತೆಂಟು. ಅದನ್ನು ನೋಡಿ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. "ಪ್ರಪಂಚದ ತುದಿಯಲ್ಲೂ ಟೈಮ್ ಆಫೀಸ್ ಉಂಟು ನೋಡು" ಎಂದೆ.

"ನಿಮಗೆ ಪೆಂಗ್ವಿನ್ ಯಾಕೆ? ಈ ಹಲಗೆ ಎದುರೇ ಕುರ್ಚಿ ಹಾಕಿ ಕೂತ್ಕೊಳ್ಳಿ" ಎಂದಳು ಸುಮತಿ.

ದಡಕ್ಕೆ ಒಯ್ಯುವುದು ರಬ್ಬರಿನ ಸಣ್ಣ ದೋಣಿ. ಒಂದು ಬದಿಗೆ ಐದು ಜನ, ಇನ್ನೊಂದು ಬದಿಗೆ ಐದು. ನಾನು ಒಂದು ಗಂಟೆ ಮೊದಲೇ ಎಲ್ಲ ಉಡುಪು ತೊಟ್ಟು ಬಾಗಿಲಲ್ಲಿ ನಿಂತೆ. ಬೆವರಿ ಒದ್ದೆಯಾದೆ. ದೋಣಿ ಹತ್ತಿರ ಬರುತ್ತಿದ್ದಂತೆ, ಅದು ನಿಲ್ಲುವ ಮೊದಲೇ, ಅಭ್ಯಾಸಬಲದಿಂದ ಒಂದು ಕಾಲು ಮುಂದಿಟ್ಟೆ. ನಾವಿಕನೊಬ್ಬ ನನ್ನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದ. ಕೂತ ಮೇಲೆ ಜಪಾನಿನ ವೃದ್ಧೆಯೊಬ್ಬಳು ಬಾಗಿಲಲ್ಲಿ ಉಳಿದದ್ದನ್ನು ಕಂಡು, ಪಕ್ಕದವರ ತೊಡೆ ತಟ್ಟಿ "ಥೋಡಾ ಸರ್ಕೋ" ಎಂದು ಎಲ್ಲರನ್ನೂ ಜರುಗಿಸಿ ನಾಲ್ಕು ಬೆರಳಗಲ ಜಾಗ ಮಾಡಿದೆ. ಲೋಕಲ್‌ನಲ್ಲಿ ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಹಾಗೆಯೇ ಜಾಗ ಮಾಡುವುದು. ದೋಣಿಯವನು, ಇಲ್ಲಿ ಇನ್ನೊಂದು ದೋಣಿಯೂ ಇದೆ ಎಂದು ಮೆಲ್ಲಗೆ ತಿಳಿಸಿದ.

ದಡದಲ್ಲಿ ಪೆಂಗ್ವಿನ್‌ಗಳು. ನೂರಾರು, ಸಾವಿರಾರು. ಕಿತ್ತಳೆ ಕೊಕ್ಕು, ತಲೆಯ ಮೇಲೆ ಬಿಳಿ ಪಟ್ಟಿ. ಹಿಮದಲ್ಲಿ ತಮ್ಮದೇ ಕಾಲುದಾರಿ ಸವೆಸಿಕೊಂಡು ಗೂಡಿನಿಂದ ಸಮುದ್ರಕ್ಕೆ, ಸಮುದ್ರದಿಂದ ಗೂಡಿಗೆ ಓಡಾಡುತ್ತಿದ್ದವು. ಹೋಗುವವು ಒಂದು ಬದಿ, ಬರುವವು ಒಂದು ಬದಿ. ಡ್ಯೂಟಿ ಮುಗಿಸಿ ಬಂದದ್ದು ಗೂಡಿನ ಮುಂದೆ ತಲೆ ಬಾಗಿಸಿ ಕೂಗುತ್ತದೆ, ಮೊಟ್ಟೆಯ ಮೇಲೆ ಕೂತದ್ದು ಎದ್ದು ಸ್ಥಾನ ಬಿಡುತ್ತದೆ, ಇದು ಕೂರುತ್ತದೆ. ಶಿಫ್ಟ್ ಬದಲು. ಮೂವತ್ತನಾಲ್ಕು ವರ್ಷದಲ್ಲಿ ನಾನು ಸಾಧಿಸಲಾಗದ್ದನ್ನು ಅವು ಯಂತ್ರವಿಲ್ಲದೆ ಸಾಧಿಸಿದ್ದವು. ವಾಸನೆ ಮಾತ್ರ ನಮ್ಮ ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಗಳನ್ನು ಮೀರಿಸಿತ್ತು.

ಸುಮತಿ ಒಂದೇ ಪೆಂಗ್ವಿನ್ನಿನ ಮೇಲೆ ಕಣ್ಣಿಟ್ಟು ನಿಂತಿದ್ದಳು. ಅದು ದಡದಿಂದ ಒಂದೊಂದೇ ಕಲ್ಲನ್ನು ಕೊಕ್ಕಿನಲ್ಲಿ ಹಿಡಿದು ದಿಬ್ಬ ಹತ್ತಿ ತಂದು ಗೂಡಿಗೆ ಜೋಡಿಸುತ್ತಿತ್ತು. ಇದು ಕೆಳಗೆ ಹೋದಾಗ ಪಕ್ಕದ ಗೂಡಿನದು ಮೆಲ್ಲನೆ ಬಂದು ಅದರಲ್ಲೊಂದು ಕಲ್ಲನ್ನು ಎತ್ತಿಕೊಂಡು ಹೋಗುತ್ತಿತ್ತು.

"ನೋಡಿ, ನೋಡಿ, ಪುನಃ ಕದ್ದಿತು. ಪಾಪ, ಅದಕ್ಕೆ ಗೊತ್ತೇ ಇಲ್ಲ" ಎಂದು ಅವಳು ಮಗುವಿನ ಹಾಗೆ ನಕ್ಕಳು.

ನಮಗೆ ಕೊಟ್ಟದ್ದು ಒಂದು ಗಂಟೆ. ಐವತ್ತನೆಯ ನಿಮಿಷಕ್ಕೆ ನನ್ನ ಕೈ ತಾನಾಗಿ ಗಡಿಯಾರದ ಕಡೆಗೆ ಹೋಯಿತು. ಐವತ್ತೈದಕ್ಕೆ ಬಾಯಿಯೂ ತೆರೆಯಿತು.

"ಹೊತ್ತಾಯಿತು."

"ಎಂತ ಹೇಳಿದ್ದೆ ನಾನು?"

"ಅಲ್ಲ, ಐದು ನಿಮಿಷ ಮೊದಲೇ ಹೋದರೆ..."

"ನೀವು ಹೋಗಿ ಮಾರಾಯ್ರೆ. ನಾನು ಹಿಂದೆಯೇ ಬರ್ತೇನೆ."

ನಾನು ಹೋದೆ. ದೋಣಿ ಹತ್ತಿದೆ, ಹಡಗು ಸೇರಿದೆ, ಐವತ್ತೇಳನ್ನು ಹಸಿರು ಮಾಡಿದೆ. ಬೇರೆ ಸಾಲುಗಳಲ್ಲಿ ಇನ್ನೂ ಕೆಲವು ಕೆಂಪು ಉಳಿದಿದ್ದವು. ನನ್ನದರ ಪಕ್ಕದಲ್ಲೇ ಐವತ್ತೆಂಟು, ಕೆಂಪಗೆ, ಹಲ್ಲು ಕಿರಿದಂತೆ. ಅವಳು ಹಿಂದೆಯೇ ಬರುತ್ತಾಳಲ್ಲ. ತಿರುಗಿಸಲು ಮರೆತರೆ? ಅವಳಿಗೆ ಅಷ್ಟೆಲ್ಲ ವ್ಯವಸ್ಥೆ ಎಲ್ಲಿದೆ? ಒಂದು ಬೆರಳಿನಿಂದ ಅದನ್ನೂ ತಿರುಗಿಸಿದೆ. ಸಾಲು ನೀಟಾಗಿ ಕಂಡಿತು. ಮನಸ್ಸಿಗೆ ತೃಪ್ತಿಯಾಯಿತು.

ಬಿಸಿನೀರಿನ ಸ್ನಾನ ಮುಗಿಸಿ ಚಹಾ ಕುಡಿಯುತ್ತಿದ್ದೆ. ಧ್ವನಿವರ್ಧಕದಲ್ಲಿ ಮಾರ್ತಾಳ ದನಿ: ಎಲ್ಲರೂ ಈ ಕೂಡಲೇ ದೊಡ್ಡ ಹಾಲ್‌ಗೆ ಬರಬೇಕು, ತಲೆ ಎಣಿಸಬೇಕಾಗಿದೆ. ಕಾರಣ ಹಾಲ್‌ನಲ್ಲಿ ತಿಳಿಯಿತು. ಹಲಗೆ ಪೂರ್ತಿ ಹಸಿರಾಗಿದೆ. ಆದರೆ ದಡದಲ್ಲಿರುವ ಮಾರ್ಗದರ್ಶಿ ತನ್ನ ಬಳಿ ಇನ್ನೂ ಒಬ್ಬ ಪ್ರಯಾಣಿಕರಿದ್ದಾರೆಂದು ರೇಡಿಯೋದಲ್ಲಿ ಹೇಳುತ್ತಿದ್ದಾನೆ. ಒಂದು ಬಿಲ್ಲೆ ಸುಳ್ಳಾದರೆ ಉಳಿದವನ್ನು ನಂಬುವುದು ಹೇಗೆ? ದಡದಲ್ಲಿರುವವರು ಒಬ್ಬರೇ ಎಂದು ಖಾತ್ರಿಯಾಗದೆ ಹಡಗು ಕದಲುವಂತಿಲ್ಲ. ಗಾಳಿ ಬೇರೆ ಏಳುತ್ತಿದೆ.

ಜನ ಬಂದರು. ತಲೆಯಲ್ಲಿ ಸೋಪಿನ ನೊರೆ ಇದ್ದವರು, ಟವೆಲ್ ಸುತ್ತಿಕೊಂಡವರು, ಒಂದೇ ಕಾಲುಚೀಲದವರು. ನನಗೆ ಮೈಯಲ್ಲಿ ಹುರುಪು ತುಂಬಿತು. ಹಾಜರಿ! ಕೈ ತಟ್ಟಿ ಎಲ್ಲರನ್ನೂ ಸಂಖ್ಯೆಯ ಪ್ರಕಾರ ಸಾಲಾಗಿ ನಿಲ್ಲಿಸಿದೆ. ತಡವಾಗಿ ಬಂದ ಜರ್ಮನ್ ಒಬ್ಬನಿಗೆ ಗಡಿಯಾರ ತೋರಿಸಿದೆ. ಪಕ್ಕದವನಿಗೆ, "ಯಾರೋ ಶಿಸ್ತು ಗೊತ್ತಿಲ್ಲದವರು ಮಾಡಿದ ಕೆಲಸ. ಇಂಥವರಿಂದ ಎಲ್ಲರಿಗೂ ತೊಂದರೆ" ಎಂದು ವಿವರಿಸಿದೆ. ಅವನು ತಲೆದೂಗಿದ. ಸುಮತಿ ಅಲ್ಲೇ ಎಲ್ಲೋ ಹಿಂದಿನ ಸಾಲಿನಲ್ಲಿ ಹರಟುತ್ತಿರಬೇಕೆಂದುಕೊಂಡೆ.

ಮಾರ್ತಾ ಕರೆಯುತ್ತ ಬಂದಳು. "ಐವತ್ತಾರು." ಹಾಜರು. "ಐವತ್ತೇಳು." ನಾನು ಎದೆ ಸೆಟೆಸಿ ಹಾಜರೆಂದೆ. "ಐವತ್ತೆಂಟು."

ಮಾರ್ತಾ ಪಟ್ಟಿಯಿಂದ ತಲೆಯೆತ್ತಿದಳು.

"ಐವತ್ತೆಂಟು?"

ತೊಂಬತ್ತು ಜನ ನನ್ನ ಕಡೆಗೆ ತಿರುಗಿದರು. ನನ್ನ ಕಾಲ ಕೆಳಗಿನ ಹಡಗು ಮತ್ತೆ ಬಿರುಗಾಳಿಯ ಸಮುದ್ರಕ್ಕೆ ಹೋದಂತಾಯಿತು. ಆಗ ನನ್ನ ಬಾಯಿಂದ ಹೊರಟ ಮಾತು ಇದು:

"ಅವಳು ಹಿಂದೆಯೇ ಬರುತ್ತಿದ್ದಾಳೆ."

ಮಾರ್ತಾ ಮೆಲ್ಲಗೆ ಕೇಳಿದಳು. "ನೀವು ನೋಡಿದ್ದೀರಾ?"

ವಾಗ್ಳೆ ಎಸ್ಟೇಟಿನ ಆ ಬೆಳಿಗ್ಗೆ ಶರಣಪ್ಪನ ಮುಖ ಹೇಗಿತ್ತೆಂದು ನನಗೆ ನೆನಪಿರಲಿಲ್ಲ. ಈಗ ಕನ್ನಡಿಯಿಲ್ಲದೆಯೇ ಗೊತ್ತಾಯಿತು.

ಉಳಿದ ಸಂಖ್ಯೆಗಳನ್ನು ಕೂಗಿ ಮುಗಿದು, ದೋಣಿ ಹೋಗಿ ಸುಮತಿಯನ್ನು ಕರೆತರುವವರೆಗೆ ನಾನು ಬಾಗಿಲ ಬಳಿಯೇ ನಿಂತಿದ್ದೆ. ಅಲೆ ದೋಣಿಯನ್ನು ಎತ್ತಿ ಕುಕ್ಕುತ್ತಿತ್ತು. ಅವಳ ಕಿತ್ತಳೆ ಟೊಪ್ಪಿಗೆ ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುತ್ತಿತ್ತು. ಪ್ರತಿ ಸಲ ಮರೆಯಾದಾಗಲೂ ನಾನು ಉಸಿರು ಬಿಡಲು ಮರೆಯುತ್ತಿದ್ದೆ. ಅವಳು ಮಾತ್ರ ಮೂಗು ಕೆಂಪಗೆ, ಕಣ್ಣು ಹೊಳೆಯುತ್ತ ಹತ್ತಿ ಬಂದಳು.

"ನಾನು ಹೊರಟದ್ದೇ ಹೊರಟದ್ದು. ಒಂದು ಪೆಂಗ್ವಿನ್ ದಾರಿ ಮಧ್ಯದಲ್ಲಿ ಬಂದು ನಿಂತು ನಿದ್ದೆ ಹೋಯ್ತು ಮಾರಾಯ್ರೆ. ಎಬ್ಬಿಸುವ ಹಾಗಿಲ್ಲವಲ್ಲ. ಅದು ಏಳುವವರೆಗೆ ನಾನು, ಆ ಗಡ್ಡದ ಮಾರ್ಗದರ್ಶಿ ಇಬ್ಬರೂ ನಿಂತೆವು. ಮುಕ್ಕಾಲು ಗಂಟೆ! ಕಣ್ಣು ತುಂಬ ನೋಡಿದೆ." ಆಮೇಲೆ ಹಲಗೆಯ ಮುಂದೆ ನಿಂತಳು. "ಅರೆ, ನನ್ನ ಬಿಲ್ಲೆ ಯಾರು ತಿರುಗಿಸಿದ್ದು?"

ಯಾರೂ ಉತ್ತರ ಹೇಳಬೇಕಾಗಿ ಬರಲಿಲ್ಲ. ಅವಳು ನನ್ನ ಮುಖ ನೋಡಿದಳು.

ಕಳೆದುಹೋದ ಹೊತ್ತಿನಲ್ಲಿ ಗಾಳಿ ಜೋರಾಗಿ, ತಿಮಿಂಗಿಲ ನೋಡಲು ದೋಣಿಯಲ್ಲಿ ಹೋಗಬೇಕಿದ್ದ ಮಧ್ಯಾಹ್ನದ ಕಾರ್ಯಕ್ರಮ ರದ್ದಾಯಿತು. ನನ್ನೊಬ್ಬನ ಬೆರಳಿನಿಂದ ತೊಂಬತ್ತು ಜನರಿಗೆ ನಷ್ಟ. ಮಾರ್ತಾಳ ಬಳಿಗೆ ಹೋಗಿ, ನನಗೊಂದು ಮೆಮೊ ಕೊಡಬೇಕೆಂದು ವಿನಂತಿಸಿದೆ. ಹಡಗಿನಲ್ಲಿ ಅಂಥದ್ದಿಲ್ಲ ಎಂದಳು. ಶರಣಪ್ಪನ ಕಥೆಯನ್ನು ಪೂರ್ತಿ ಹೇಳಿದೆ. ಅವಳು ಗಂಭೀರವಾಗಿ ಕೇಳಿ, "ಅದು ಒಳ್ಳೆಯ ಪದ್ಧತಿ" ಎಂದಳು.

ಮಾರನೆಯ ದಿನದಿಂದ ನಾನು ಹಲಗೆಯ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರಿಗೂ "ಒಬ್ಬ ಮನುಷ್ಯ, ಒಂದು ಬಿಲ್ಲೆ" ಎನ್ನಬೇಕಾಯಿತು. ಇಂಗ್ಲಿಷಿನಲ್ಲಿ, ಜಪಾನಿಯರಿಗೆ ಕೈಸನ್ನೆಯಲ್ಲಿ. ಜರ್ಮನ್ ದಿನಾ ನನಗೆ ಗಡಿಯಾರ ತೋರಿಸಿ ಹೋಗುತ್ತಿದ್ದ. ಸುಮತಿ ಬಿಲ್ಲೆ ತಿರುಗಿಸಿ, "ಗೊತ್ತುಂಟು ಸಾರ್" ಎನ್ನುತ್ತಿದ್ದಳು. ನಾಲ್ಕನೆಯ ದಿನಕ್ಕೆ ನನ್ನ ಗಂಟಲು ಕಟ್ಟಿತು. ಶರಣಪ್ಪ ಆರು ದಿನ ತಡೆದಿದ್ದ.

ಆದರೆ ಒಂದು ಲಾಭವಾಯಿತು. ಎಲ್ಲರನ್ನೂ ಕಳಿಸಿ ನಾನು ಕೊನೆಯ ದೋಣಿಯಲ್ಲಿ ಹೋಗಬೇಕು. ಹಾಗೆ ಕೊನೆಯದರಲ್ಲಿ ಸುಮತಿಯೂ ನನಗಾಗಿ ಉಳಿದ ಒಂದು ಬೆಳಿಗ್ಗೆ, ದೋಣಿಯವನು ಎಂಜಿನ್ ನಿಲ್ಲಿಸಿದ. ಇಪ್ಪತ್ತು ಅಡಿ ದೂರದಲ್ಲಿ ನೀರು ಉಬ್ಬಿ, ಕಪ್ಪು ಬೆನ್ನೊಂದು ಮೇಲೆದ್ದು, ದೊಡ್ಡದೊಂದು ಉಸಿರು ಬಿಟ್ಟಿತು. ಹನಿ ನಮ್ಮ ಮುಖಕ್ಕೆ ಬಿತ್ತು. ಅದರ ಪಕ್ಕದಲ್ಲಿ ಚಿಕ್ಕ ಬೆನ್ನು, ಚಿಕ್ಕ ಉಸಿರು. ತಾಯಿ ಮುಳುಗುವ ಮೊದಲು ತುಸು ಕಾದಳು, ಮರಿ ಹತ್ತಿರಕ್ಕೆ ಬಂದ ಮೇಲೆಯೇ ಬಾಲವೆತ್ತಿ ಒಳಗೆ ಹೋದಳು. ಅವಸರವಿಲ್ಲ. ಎಷ್ಟು ಹೊತ್ತು ನೋಡಿದೆವೋ ತಿಳಿಯದು. ಗಡಿಯಾರವನ್ನು ಸುಮತಿ ಬಿಲ್ಲೆಯ ಗಲಾಟೆಯಾದ ದಿನವೇ ಕಿತ್ತುಕೊಂಡು ಸೂಟ್‌ಕೇಸಿಗೆ ಹಾಕಿದ್ದಳು.

ಊರಿಗೆ ಬಂದ ಮೇಲೆ ಮನಸ್ಸಿನಲ್ಲಿ ಒಂದು ಕೆಲಸ ಉಳಿದಿತ್ತು. ಶರಣಪ್ಪ ಈಗ ಕಲ್ಯಾಣ ಪೂರ್ವದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾನೆಂದು ಕೇಳಿದ್ದೆ. ಒಂದು ಭಾನುವಾರ ಸುಮತಿಯೊಡನೆ ಹೋದೆ. ಕೈಯಲ್ಲಿ ನಾನೇ ಬರೆದ ಪತ್ರ: 'ತಮಗೆ ನೀಡಲಾಗಿದ್ದ ಮೆಮೊವನ್ನು ಈ ಮೂಲಕ ಹಿಂತೆಗೆದುಕೊಳ್ಳಲಾಗಿದೆ. ಹಿಂದೆ ಬರುತ್ತಿರುವವರ ಬಗ್ಗೆ ತಮಗಿದ್ದ ವಿಶ್ವಾಸವನ್ನು ಅರಿಯದೆ ಕ್ರಮ ಕೈಗೊಂಡದ್ದಕ್ಕೆ ವಿಷಾದಿಸುತ್ತೇನೆ.'

ಶರಣಪ್ಪ ಕೈ ಒರೆಸಿಕೊಂಡು ಬಂದು ಪತ್ರವನ್ನು ಎರಡು ಸಲ ಓದಿದ. ನಾನು ಹಡಗಿನ ಕಥೆ ಹೇಳಿದೆ. ಅವನು ನಕ್ಕು ನಕ್ಕು ಬೆಂಚಿನ ಮೇಲೆ ಕೂತ.

"ಸಾಹೇಬ್ರ, ಖರೇ ಹೇಳ್ಲೇನ್ರಿ? ಅವತ್ತು ಮಲ್ಲೇಶಿ ಗೇಟಿನ ಹತ್ರ ಇರ್ಲೇ ಇಲ್ರಿ. ಚಾಳಿನ್ಯಾಗ ಕೌದಿ ಹೊದ್ದು ಮಲಗಿದ್ದ. ನೀವು ನನ್ನ ಹಿಡಿದದ್ದು ನೋಡಿ ಯಾರೋ ಓಡಿ ಹೋಗಿ ಎಬ್ಬಿಸಿ ಕರ್ಕೊಂಡು ಬಂದ್ರು. ನಿಮ್ಮ ಮೆಮೊ ಬರೋಬ್ಬರಿ ಇತ್ತ್ರಿ."

ಪತ್ರವನ್ನು ಹಿಂದಕ್ಕೆ ಕೇಳಲು ಕೈ ಚಾಚಿದೆ. ಅವನು ಕೊಡಲಿಲ್ಲ.

"ಇರ್ಲಿ ಬಿಡ್ರಿ. ಫ್ರೇಮ್ ಹಾಕಸ್ತೀನಿ. ಊಟ ಮಾಡ್ರಿ ಮೊದಲ. ಅಕ್ಕಾರ, ನಿಮಗ ಎಣ್ಣಿಗಾಯಿ ಹಾಕ್ಲೇನ್ರಿ?"

ಊಟ ಮುಗಿಸಿ ಕಲ್ಯಾಣ ಸ್ಟೇಶನ್ನಿಗೆ ಬಂದೆವು. ಸುಮತಿ ಯಾವಾಗಲೂ ಹೆಂಗಸರ ಡಬ್ಬಿ, ನಾನು ಸಾಮಾನ್ಯ ಡಬ್ಬಿ. ಹಿಂದೆಲ್ಲ ಅವಳು ಹತ್ತಿದಳೋ ಇಲ್ಲವೋ ನೋಡದೆ ನಾನು ಹತ್ತಿಬಿಡುತ್ತಿದ್ದೆ. ಈಗ ಬುದ್ಧಿ ಬಂದಿತ್ತು. ಅವಳನ್ನು ಕಣ್ಣಾರೆ ಕಂಡ ಮೇಲೆಯೇ ಹತ್ತುವುದೆಂದು ಸೇತುವೆಯ ಮೆಟ್ಟಿಲ ಕೆಳಗೆ ಕಾದು ನಿಂತೆ. ನೀರಿನ ಬಾಟಲಿ ಕೊಳ್ಳಲು ನಿಂತಿದ್ದಾಳೆಂದು ನನ್ನ ಅಂದಾಜು. ಗಾಡಿ ಬಂತು, ನಿಂತಿತು, ಹೊರಟಿತು. ನಾನು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು.

"ಎಲ್ಲಿದ್ದೀರಿ? ನಾನು ಠಾಕುರ್ಲಿ ಸ್ಟೇಶನ್ ದಾಟಿದೆ."

"ನೀನು ಹತ್ತಿದ್ದು ಯಾವಾಗ? ನಾನು ಇನ್ನೂ ಕಲ್ಯಾಣದಲ್ಲಿದ್ದೇನೆ."

"ಅಯ್ಯೋ, ಇಲ್ಲಿ ಡಬ್ಬಿಯಲ್ಲಿ ಕದಂ ಹೆಂಡತಿ ಸಿಕ್ಕಿದ್ಳು. ಕಾಕಾ ಎಲ್ಲಿ ಅಂತ ಕೇಳಿದ್ಳು. ಹಿಂದಿನ ಡಬ್ಬಿಯಲ್ಲೇ ಇದ್ದಾರೆ ಅಂದೆ."

"ನೀನು ನೋಡಿದ್ದೀಯಾ?" ಎಂದು ಗುಡುಗಿದೆ.

"ನೋಡುವುದೆಂತದ್ದು? ನೀವಲ್ವಾ" ಎಂದಳು.

ಮುಂದಿನ ಗಾಡಿ ತಡವೆಂದು ಹಲಗೆ ಕೆಂಪಗೆ ತೋರಿಸುತ್ತಿತ್ತು. ನಾನು ಪ್ಲಾಟ್‌ಫಾರ್ಮಿನ ನಟ್ಟನಡುವೆ ಆ ಪೆಂಗ್ವಿನ್ನಿನ ಹಾಗೆ ಅಲ್ಲಾಡದೆ ನಿಂತಿದ್ದೆ. ಜನ ಎರಡೂ ಬದಿಯಿಂದ ಹೋಗುತ್ತಿದ್ದರು. ಐದು ಮೀಟರ್ ಮಾತ್ರ ಯಾರೂ ಬಿಡಲಿಲ್ಲ.